ಕಚ್ಚದ ಸೊಳ್ಳೆ, ಕಚ್ಚುವ ಸೊಳ್ಳೆ

ಕಳೆದ ಅಕ್ಟೋಬರಿನ ಒಂದು ಸಂಜೆ ನಮ್ಮ ಬಿಲ್ಡಿಂಗಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಬಂತು. ಮೆಟ್ಟಿಲ ಹತ್ತಿರದ ಟ್ಯೂಬ್‌ಲೈಟು, ಅದರ ಸುತ್ತ ಗೋಡೆಯ ಬಣ್ಣ ಕಾಣದ ಹಾಗೆ ಕೂತ ನೂರಾರು ಹುಳ. ಕೆಳಗೆ ಒಂದು ಸಾಲು: "ಇತಕೇ ಡಾಸ್! ಕೋಣೀತರೀ ಕಾಹೀತರೀ ಕರಾ." ಇಷ್ಟೊಂದು ಸೊಳ್ಳೆ, ಯಾರಾದರೂ ಏನಾದರೂ ಮಾಡಿ ಅಂತ. ಯಾರಾದರೂ ಅಂದರೆ ನಮ್ಮ ಬಿಲ್ಡಿಂಗಿನಲ್ಲಿ ಸಾಮಾನ್ಯವಾಗಿ ಯಾರೂ ಅಲ್ಲ. ಆದರೆ ಅದು ಡೆಂಗಿಯ ಕಾಲ. ಅರ್ಧ ಗಂಟೆಯೊಳಗೆ ಮನೆಗೆ 300 ರೂಪಾಯಿ ಹಾಕಿ ಹೊಗೆ ಹೊಡೆಸುವುದು ಅಂತ ತೀರ್ಮಾನವೂ ಆಗಿಹೋಯಿತು.

ನಾಗಪುರ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ವರ್ಧಾ ರಸ್ತೆಯಿಂದ ರೈಲು ಹಳಿ ದಾಟಿದರೆ ಮನೀಶ್ ನಗರ. ಹಳಿಯ ಆ ಕಡೆ ವಿಮಾನ ನಿಲ್ದಾಣ, ಸೋನೆಗಾಂವ್ ಕೆರೆ. ಈ ಕಡೆ ಬೇಸಾ ತನಕ ಒಂದರ ಪಕ್ಕ ಒಂದು ಬಿಲ್ಡಿಂಗು. ನಮ್ಮ ಕಾಂಪೌಂಡಿನ ಹಿಂದೆ ಒಂದು ತೆರೆದ ಮೋರಿ. ಮಳೆಗಾಲದಲ್ಲಿ ಅದು ಹೊಳೆಯ ಹಾಗೆ ಓಡುತ್ತದೆ. ಮಳೆ ನಿಂತ ಮೇಲೆ ಓಡುವುದನ್ನು ಮರೆತು ಅಲ್ಲೇ ಕೂತುಬಿಡುತ್ತದೆ. ಈ ಕಥೆಗೆ ಆ ಮೋರಿ ಬೇಕು, ನೆನಪಿಟ್ಟುಕೊಳ್ಳಿ.

ನಾನು ಓದಿದ್ದು ಬಿಎಸ್ಸಿ ಪ್ರಾಣಿಶಾಸ್ತ್ರ. ಮಾಡುವುದು ಲೆಕ್ಕಪತ್ರದ ಕೆಲಸ. ಮೂವತ್ತು ವರ್ಷದ ಹಿಂದೆ ಬಿಟ್ಟ ವಿದ್ಯೆ ಇಂಥ ಸಮಯದಲ್ಲಿ ತುರಿಕೆಯ ಹಾಗೆ ಎದ್ದು ಬರುತ್ತದೆ. ಒಂದು ಗಾಜಿನ ಲೋಟ, ಒಂದು ಹಳೆಯ ಲಗ್ನಪತ್ರಿಕೆ ಹಿಡಿದು ಮೆಟ್ಟಿಲ ಹತ್ತಿರ ಹೋದೆ. ಗೋಡೆಗೆ ಲೋಟ ಕವಿಚಿ, ಅಡಿಯಲ್ಲಿ ಪತ್ರಿಕೆ ತೂರಿಸಿ, ನಾಲ್ಕು ಹುಳ ಹಿಡಿದು ತಂದೆ.

ದೀಪದ ಕೆಳಗಿಟ್ಟು ನೋಡಿದ ಕೂಡಲೇ ಅನುಮಾನ ಬಂತು. ಸೊಳ್ಳೆಗೆ ಮುಖದ ಮುಂದೆ ಸೂಜಿಯಂಥ ಉದ್ದನೆ ಸೊಂಡಿಲು ಇರಬೇಕು. ಇವಕ್ಕೆ ಇರಲಿಲ್ಲ. ಸೊಳ್ಳೆಯ ರೆಕ್ಕೆಯ ನರಗಳ ಮೇಲೆ ಹುರುಪೆ ಇರುತ್ತದೆ, ಬೆರಳಿಗೆ ಹಿಟ್ಟಿನ ಹಾಗೆ ಅಂಟುತ್ತದೆ. ಇವುಗಳ ರೆಕ್ಕೆ ಸ್ವಚ್ಛ, ಮೈಯ ಉದ್ದಕ್ಕಿಂತ ಗಿಡ್ಡ. ಕೂತಾಗ ಸೊಳ್ಳೆ ಸಾಮಾನ್ಯವಾಗಿ ಹಿಂಗಾಲು ಎತ್ತಿಕೊಳ್ಳುತ್ತದೆ. ಇವು ಮುಂಗಾಲು ಎತ್ತಿಕೊಂಡು, ಯಾರಿಗೋ ಕೈ ಬೀಸುವವರ ಹಾಗೆ ಕೂತಿದ್ದವು. ನಾಲ್ಕರಲ್ಲಿ ಮೂರಕ್ಕೆ ತಲೆಯ ಮುಂದೆ ನವಿಲುಗರಿಯ ಬೀಸಣಿಗೆಯಂಥ ಎರಡು ಮೀಸೆ. ಅವು ಗಂಡು. ಸೊಳ್ಳೆಯ ಗಂಡಿಗೂ ಇಂಥ ಮೀಸೆ ಇರುತ್ತದೆ. ಆದ್ದರಿಂದ ಮೀಸೆ ನೋಡಿ ಮೋಸ ಹೋಗಬಾರದು, ಮೊದಲು ಸೊಂಡಿಲು ನೋಡಬೇಕು.

ಇವು ಕೈರೊನೊಮಿಡೀ ಕುಟುಂಬದವು. ಇಂಗ್ಲಿಷಿನಲ್ಲಿ ಇವಕ್ಕೆ ನಾನ್‌ಬೈಟಿಂಗ್ ಮಿಜ್ ಅನ್ನುತ್ತಾರೆ, ಕಚ್ಚದ ನುಸಿ. ಕನ್ನಡದಲ್ಲಿ ಏನನ್ನಬೇಕು ಅಂತ ಮನೆಯಲ್ಲಿ ಚರ್ಚೆಯಾಯಿತು. ನಮ್ಮದು ರಾಣೆಬೆನ್ನೂರು ಕಡೆ, ನಮ್ಮವ್ವ ಇಂಥವನ್ನೆಲ್ಲ ಗುಂಗಾಡು ಅನ್ನುತ್ತಿದ್ದಳು. ಹೆಂಡತಿಯ ತವರು ಕುಮಟಾ, ಅಲ್ಲಿ ಸೊಳ್ಳೆಯೇ ನುಸಿ. "ಕಚ್ಚದ ನುಸಿ ಅಂದ್ರೆ ನಮ್ಮೂರಲ್ಲಿ ನಗ್ತಾರೆ" ಅಂದಳು. ವಾಚ್‌ಮನ್ ಕಾಕಾನನ್ನು ಕೇಳಿದರೆ ಚಿಲಟ ಅಂದ. ಮೂರೂ ಭಾಷೆಗೆ ಸಣ್ಣ ಹಾರುವ ಹುಳದ ಹೆಸರು ಗೊತ್ತು, ಒಂದಕ್ಕೂ ಈ ಹುಳದ ಹೆಸರು ಗೊತ್ತಿಲ್ಲ. ಗ್ರೀಕರ ಭಾಷೆಯಲ್ಲಿ ಕೈ ಆಡಿಸಿ ಮೂಕಾಭಿನಯ ಮಾಡುವವನನ್ನು ಕೈರೊನೊಮೊಸ್ ಅನ್ನುತ್ತಿದ್ದರಂತೆ. ಗಾಳಿಯಲ್ಲಿ ಎತ್ತಿ ಹಿಡಿದ ಮುಂಗಾಲುಗಳಿಗೆ ಆ ಹೆಸರು ಚೆನ್ನಾಗಿ ಹೊಂದುತ್ತದೆ. 1803ರಲ್ಲಿ ಜರ್ಮನಿಯ ಕೀಟತಜ್ಞ ಮೈಗೆನ್ ಕೈರೊನೊಮಸ್ ಎಂಬ ಕುಲದ ಹೆಸರು ಇಟ್ಟ.

ಅಷ್ಟಕ್ಕೇ ಗುಂಪಿನಲ್ಲಿ ಬರೆದುಬಿಟ್ಟೆ: "ಇವು ಸೊಳ್ಳೆ ಅಲ್ಲ. ಕಚ್ಚುವುದಿಲ್ಲ. ಡೆಂಗಿ ತರುವುದಿಲ್ಲ. ಹೆದರಬೇಡಿ, ದುಡ್ಡು ದಂಡ ಮಾಡಬೇಡಿ." ಹೆಬ್ಬೆರಳಿನ ಚಿತ್ರಗಳ ಸುರಿಮಳೆಯಾಯಿತು. ಹೊಗೆಯ ಕಾರ್ಯಕ್ರಮ ರದ್ದಾಯಿತು. ಒಂದು ವಾರ ನಾನು ಲಿಫ್ಟಿನಲ್ಲಿ ಸರ್ ಆಗಿದ್ದೆ.

ಹೆಸರು ಸಿಕ್ಕ ಮೇಲೆ ಸುಮ್ಮನೆ ಇರಬಹುದಿತ್ತು. ಆದರೆ ಕೈರೊನೊಮಿಡೀ ಅಂದರೆ ಒಂದು ಹುಳವಲ್ಲ, ಒಂದು ದೊಡ್ಡ ಕುಟುಂಬ. ಜಗತ್ತಿನಲ್ಲಿ ಹೆಸರಿಟ್ಟ ಪ್ರಭೇದಗಳೇ 7,000ಕ್ಕೂ ಹೆಚ್ಚು. ಹಿಮಾಲಯದ ಹಿಮನದಿಯ ಮೇಲೆ ಓಡಾಡುವುದು ಒಂದು. ಆಫ್ರಿಕಾದ ಬಂಡೆಗುಳಿಗಳಲ್ಲಿ ಒಣಗಿ ಕಾಳಿನಂತಾಗಿ, ಮಳೆ ಬಿದ್ದಾಗ ಮತ್ತೆ ಎದ್ದು ಈಜುವುದು ಇನ್ನೊಂದು. ಹಾಗಾದರೆ ಮನೀಶ್ ನಗರದ ನಮ್ಮ ಮೆಟ್ಟಿಲ ಹುಳ ಯಾವುದು?

ಇಂಥ ಪ್ರಶ್ನೆಗೆ ಉತ್ತರ ಹುಡುಕುವುದು ವಿಳಾಸ ಹುಡುಕಿದ ಹಾಗೆ. ಮೊದಲು ಊರು, ಆಮೇಲೆ ಬಡಾವಣೆ, ಬೀದಿ, ಕೊನೆಗೆ ಮನೆ ನಂಬರು. ರೆಕ್ಕೆ ಒಂದೇ ಜೋಡಿ, ಆದ್ದರಿಂದ ನೊಣ ಸೊಳ್ಳೆಗಳ ಗಣವಾದ ಡಿಪ್ಟೆರಾ. ಸೊಂಡಿಲಿಲ್ಲ, ಗರಿಮೀಸೆ ಇದೆ, ಹಾಗಾಗಿ ಕೈರೊನೊಮಿಡೀ. ಇಲ್ಲಿಂದ ಮುಂದೆ ಬರಿಗಣ್ಣು ಸಾಲದು. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಮತ್ತು ಅವರ ಜೊತೆಗಾರರು ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ ಮಗಳ ಶಾಲೆಯ ದಿನಗಳಿಂದ ಮನೆಯಲ್ಲೇ ಇತ್ತು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮುಂಗಾಲಿನಲ್ಲಿ ಎರಡು ಅಳತೆ ನೋಡಬೇಕು: ಮಂಡಿಯ ಕೆಳಗಿನ ಭಾಗ ಎಷ್ಟುದ್ದ, ಅದರ ನಂತರ ಬರುವ ಪಾದದ ಮೊದಲ ಗೆಣ್ಣು ಎಷ್ಟುದ್ದ. ಗೆಣ್ಣೇ ಹೆಚ್ಚು ಉದ್ದವಿದ್ದರೆ ಅದು ಕೈರೊನೊಮಿನೀ ಉಪಕುಟುಂಬದ ಗುರುತು. ಆರ್ಥೊಕ್ಲೇಡಿನೀ ಎಂಬ ಇನ್ನೊಂದು ದೊಡ್ಡ ಉಪಕುಟುಂಬದಲ್ಲಿ ಗೆಣ್ಣು ಗಿಡ್ಡ. ನಮ್ಮ ಹುಳದ್ದು ಉದ್ದ. ಬಡಾವಣೆ ಸಿಕ್ಕಿತು.

ಬೀದಿ ಹುಡುಕಲು ಮರಿ ಬೇಕಾಗಿತ್ತು. ಭಾನುವಾರ ಬೆಳಿಗ್ಗೆ ಚಹಾ ಸೋಸುವ ಹಳೆಯ ಜಾಲರಿಗೆ ಕೋಲು ಕಟ್ಟಿ ಹಿಂದಿನ ಮೋರಿಗೆ ಇಳಿದೆ. ತಳದ ಕಪ್ಪು ಕೆಸರನ್ನು ತಟ್ಟೆಗೆ ಹಾಕಿ ನೀರು ಸುರಿದೆ. ರಕ್ತದ ಬಣ್ಣದ ಹುಳಗಳು ಎಂಟರ ಆಕಾರದಲ್ಲಿ ಹೊರಳಾಡತೊಡಗಿದವು. ಮೀನು ಸಾಕುವವರಿಗೆ ಇವು ಪರಿಚಿತ, ಅಂಗಡಿಯಲ್ಲಿ ಬ್ಲಡ್‌ವರ್ಮ್ ಅಂತ ಮಾರುತ್ತಾರೆ. ಆ ಕೆಂಪು ನಿಜವಾಗಿಯೂ ಹಿಮೋಗ್ಲೋಬಿನ್, ನಮ್ಮ ರಕ್ತದಲ್ಲಿ ಇರುವಂಥದೇ ಪ್ರೋಟೀನು. ಕೀಟಗಳಲ್ಲಿ ಇದು ಬಹಳ ಅಪರೂಪ. ಕೊಳಚೆ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದುಹೋಗುತ್ತದೆ, ಉಳಿದ ಹುಳಗಳು ಸಾಯುತ್ತವೆ. ಇವು ಇರುವ ಚೂರುಪಾರು ಆಮ್ಲಜನಕವನ್ನೇ ಹಿಡಿದಿಟ್ಟುಕೊಂಡು, ಕೆಸರಿನಲ್ಲಿ ಸಣ್ಣ ಕೊಳವೆ ಕಟ್ಟಿಕೊಂಡು ಬದುಕುತ್ತವೆ. ಹಾಗಾಗಿ ಕೆಂಪು ಹುಳ ರಾಶಿ ರಾಶಿ ಸಿಕ್ಕಿತು ಅಂದರೆ ನೀರಿನ ಆರೋಗ್ಯದ ವರದಿ ಕೈಗೆ ಬಂದ ಹಾಗೆ. ನಮ್ಮ ಮೋರಿ ಮಳೆನೀರಿಗೆಂದು ಕಟ್ಟಿದ್ದು. ಅದರಲ್ಲಿ ಯಾರದೋ ಶೌಚದ ಪೈಪೂ ಸೇರಿದೆ ಅಂತ ಹುಳ ಹೇಳುತ್ತಿತ್ತು.

ಮರಿಗಳನ್ನು ಸ್ಪಿರಿಟ್ಟಿನಲ್ಲಿ ಹಾಕಿ, ಹಿಡಿದ ಗಂಡುಗಳ ಜೊತೆ, ಇಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಂ ಒಬ್ಬರ ಬಳಿ ತೆಗೆದುಕೊಂಡು ಹೋದೆ. ಅವರು ಮರಿಯ ತಲೆಯನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಹಾಕಿ ಪಾರದರ್ಶಕ ಮಾಡಿದರು. ಸೂಕ್ಷ್ಮದರ್ಶಕದಲ್ಲಿ ಗದ್ದದ ಜಾಗದಲ್ಲಿ ಗರಗಸದಂಥ ಹಲ್ಲುಗಳ ಸಾಲು, ಅದರ ಎರಡೂ ಪಕ್ಕ ಬೀಸಣಿಗೆಯಂಥ ಗೆರೆಗೆರೆಯ ಫಲಕ. ಬಾಲದ ಹತ್ತಿರ ಎಂಟನೇ ಖಂಡದ ಕೆಳಗೆ ಬೆರಳಿನಂಥ ಎರಡು ಜೊತೆ ಕೊಳವೆ. "ಕೈರೊನೊಮಸ್" ಅಂದರು. ಬೀದಿ ಸಿಕ್ಕಿತು.

"ಮನೆ ನಂಬರು?" ಅಂತ ಕೇಳಿದೆ.

ಮೇಡಂ ನಕ್ಕರು. ಅದಕ್ಕೆ ಗಂಡಿನ ಹೊಟ್ಟೆಯ ತುದಿಯ ಜನನಾಂಗವನ್ನು ಬಿಡಿಸಿ ಸ್ಲೈಡು ಮಾಡಿ, ಒಂದೊಂದು ಕೊಕ್ಕೆಯ ಆಕಾರವನ್ನೂ ಪ್ರಕಟವಾದ ವಿವರಣೆಯ ಜೊತೆ ಹೋಲಿಸಬೇಕು. ಅಲ್ಲೂ ತೊಡಕಿದೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಕಲ್ಕತ್ತದ ಇಂಡಿಯನ್ ಮ್ಯೂಸಿಯಂ ಸಂಗ್ರಹದ ಮಾದರಿಗಳನ್ನು ನೋಡಿ ಅನೇಕ ಭಾರತೀಯ ಪ್ರಭೇದಗಳಿಗೆ ಹೆಸರಿಟ್ಟವರು ಕೀಫರ್ ಎಂಬ ಯುರೋಪಿನ ಪಾದ್ರಿ. ಆ ಕಾಲದ ವಿವರಣೆಗಳು ಚಿಕ್ಕವು, ಇವತ್ತಿನ ಅಗತ್ಯಕ್ಕೆ ಸಾಲುವುದಿಲ್ಲ. ಮುಂದೆ ಬಂಗಾಳದ ಬರ್ಧಮಾನ್ ವಿಶ್ವವಿದ್ಯಾಲಯದ ಪಿ. ಕೆ. ಚೌಧುರಿ ಮತ್ತು ಅವರ ಶಿಷ್ಯರು ಕೂತು ಒಂದೊಂದಾಗಿ ಸರಿಪಡಿಸಿದರು. 1992ರಲ್ಲಿ ಚೌಧುರಿ, ದಾಸ್ ಮತ್ತು ಅಮೆರಿಕದ ಸಬ್ಲೆಟ್ ಸೇರಿ ಕೈರೊನೊಮಸ್ ರಾಮೋಸಸ್ ಎಂಬ ಪ್ರಭೇದವನ್ನು ವಿವರಿಸಿದರು. ಪುಣೆಯ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅದನ್ನು ಸಾಕಿ ನೋಡಿದ್ದಾರೆ. ಮನುಷ್ಯನನ್ನು ಕೊಲ್ಲುವುದಕ್ಕಿಂತ ನೂರಾರು ಪಟ್ಟು ಹೆಚ್ಚಿನ ಗಾಮಾ ವಿಕಿರಣ ತಗುಲಿದರೂ ಅದರ ಮರಿ ತಡೆದುಕೊಳ್ಳುತ್ತದೆ.

"ಹಾಗಾದರೆ ನಮ್ಮದೂ ರಾಮೋಸಸ್ಸೇ ಇರಬೇಕು" ಅಂದೆ. ನಮ್ಮ ಮೆಟ್ಟಿಲಿಗೆ ಅಂಥ ಪ್ರಸಿದ್ಧ ಹುಳ ಬಂದಿರಲಿ ಅಂತ ಆಸೆ.

"ಇರಬಹುದು. ಇರಬಹುದು ಅನ್ನುವುದು ಹೆಸರಲ್ಲ" ಅಂದರು. ಒಂದರ ಹಾಗೆ ಇನ್ನೊಂದಿರುವ ಪ್ರಭೇದಗಳು ಈ ಕುಲದಲ್ಲಿ ಎಷ್ಟೋ ಇವೆ. ಕೆಲವನ್ನು ಬೇರೆ ಮಾಡಬೇಕಾದರೆ ಮರಿಯ ಜೊಲ್ಲಿನ ಗ್ರಂಥಿಯ ದೈತ್ಯ ವರ್ಣತಂತುಗಳ ಪಟ್ಟೆಗಳನ್ನು ಓದಬೇಕು. 1881ರಲ್ಲಿ ಬಾಲ್ಬಿಯಾನಿ ಅಂಥ ವರ್ಣತಂತುಗಳನ್ನು ಮೊದಲು ಕಂಡದ್ದೇ ಈ ಕುಲದ ಮರಿಯಲ್ಲಿ. ಈಗ ಡಿಎನ್‌ಎ ಬಾರ್‌ಕೋಡ್ ಕೂಡ ಇದೆ. ಅವೆರಡೂ ಅವರ ಡೈನಿಂಗ್ ಟೇಬಲ್ಲಿನ ಮೇಲೆ ಆಗುವ ಕೆಲಸವಲ್ಲ. ಚೀಟಿಯ ಮೇಲೆ ಬರೆದುಕೊಟ್ಟರು: ಕೈರೊನೊಮಸ್ ಎಸ್‌ಪಿ. ಇದು ಪೊಲೀಸ್ ಇಲಾಖೆಯ ಎಸ್‌ಪಿ ಅಲ್ಲ. ಕುಲ ಗೊತ್ತು, ಪ್ರಭೇದ ನಿರ್ಧಾರವಾಗಿಲ್ಲ ಎಂಬುದಕ್ಕೆ ವಿಜ್ಞಾನದ ಗುರುತು. ಕಂಡಷ್ಟನ್ನು ಮಾತ್ರ ಬರೆಯುವುದು, ಆಮೇಲೆ ನಿಲ್ಲುವುದು. ನನಗೆ ಸ್ವಲ್ಪ ನಿರಾಸೆಯಾಯಿತು.

ಚೀಟಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರೆ ಪಾರ್ಕಿಂಗಿನಲ್ಲಿ ನಾಲ್ಕು ಜನ ನಿಂತಿದ್ದರು. ಕೆಳಗಿನ ಮನೆಯ ಒಂಬತ್ತು ವರ್ಷದ ಹುಡುಗನಿಗೆ ಮೂರು ದಿನದಿಂದ ಜ್ವರ, ರಕ್ತ ಪರೀಕ್ಷೆಯಲ್ಲಿ ಡೆಂಗಿ, ಆಸ್ಪತ್ರೆಗೆ ಸೇರಿಸಿದ್ದಾರೆ ಅಂದರು. ದಿನಾ ಸಂಜೆ ಪಾರ್ಕಿಂಗಿನಲ್ಲಿ ಕ್ರಿಕೆಟ್ ಆಡುವ ಹುಡುಗ, ನನ್ನ ಸ್ಕೂಟರಿನ ಕನ್ನಡಿ ಒಡೆದವನೂ ಅವನೇ. ರಾತ್ರಿ ಅವನ ತಾಯಿ ಬಟ್ಟೆ ಒಯ್ಯಲು ಬಂದಾಗ ಮಾತಾಡಿಸಿದೆ. ಸಿಟ್ಟೇನೂ ಇರಲಿಲ್ಲ. ಸುಮ್ಮನೆ ಹೇಳಿದರು: "ಕಾಕಾ, ನೀವು ಬರೆದಿದ್ದಿರಲ್ಲ ಕಚ್ಚುವುದಿಲ್ಲ ಅಂತ. ಆಮೇಲೆ ನಾನು ಅವನಿಗೆ ಕ್ರೀಮ್ ಹಚ್ಚುವುದು ಬಿಟ್ಟೆ."

ಆ ರಾತ್ರಿ ನನ್ನ ಮೆಸೇಜನ್ನು ಮತ್ತೆ ತೆಗೆದು ಓದಿದೆ. ಒಂದು ಪದವೂ ತಪ್ಪಿರಲಿಲ್ಲ. ಇವು ಸೊಳ್ಳೆ ಅಲ್ಲ, ನಿಜ. ಕಚ್ಚುವುದಿಲ್ಲ, ನಿಜ. ಆದರೆ ನಾನು ನೋಡಿದ್ದು ಒಂದು ಗೋಡೆಯ ನಾಲ್ಕು ಹುಳ. ಓದಿದವರಿಗೆ ತಲುಪಿದ್ದು ಬಿಲ್ಡಿಂಗಿನಲ್ಲಿ ಸೊಳ್ಳೆ ಇಲ್ಲ ಎಂಬ ಸುದ್ದಿ. ಎಸ್‌ಪಿ ಅಂತ ಬರೆಯುವ ಮೇಡಂ ಆಗಿದ್ದರೆ "ಟ್ಯೂಬ್‌ಲೈಟಿನ ಸುತ್ತ ಇರುವ ಇವು" ಅಂತ ಬರೆದು, "ಬೇರೆ ಕಡೆ ನೋಡಿಲ್ಲ" ಅಂತ ಇನ್ನೊಂದು ಸಾಲು ಸೇರಿಸುತ್ತಿದ್ದರು. ಆ ಸಾಲು ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ನೋಡಲು ಹೊರಟೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೋರಿಯ ಕೊಳಚೆಯನ್ನು ಅಷ್ಟಾಗಿ ಬಯಸುವುದಿಲ್ಲ, ಅದಕ್ಕೆ ಪಾತ್ರೆಯಲ್ಲಿ ನಿಂತ ತಿಳಿನೀರು ಬೇಕು. ನಾಗಪುರದಲ್ಲಿ ಅಂಥ ನೀರಿಗೆ ಹುಡುಕಾಡಬೇಕಿಲ್ಲ. ಪ್ರತಿ ಬಾಲ್ಕನಿಯಲ್ಲೂ ಒಂದು ಕೂಲರ್. 45 ಡಿಗ್ರಿಯ ಮೇ ತಿಂಗಳನ್ನು ಲಾವಂಚದ ತಡಿಕೆಯ ತಂಪಿನಲ್ಲಿ ಕಳೆದು, ಮಳೆ ಬಂದ ಮೇಲೆ ಅದನ್ನು ಅಲ್ಲೇ ಮರೆಯುತ್ತೇವೆ. ತೊಟ್ಟಿಯಲ್ಲಿ ಮಳೆನೀರು ತುಂಬುತ್ತದೆ. ಹದಿನಾರು ಮನೆಯ ಬಿಲ್ಡಿಂಗಿನಲ್ಲಿ ಹನ್ನೊಂದು ಕೂಲರ್ ನೋಡಿದೆ. ಮೂರರಲ್ಲಿ ಮರಿಗಳಿದ್ದವು, ನೀರಿನ ಮೇಲ್ಮೈಗೆ ಬಾಲದ ನಳಿಕೆ ತಾಗಿಸಿ ತಲೆಕೆಳಗಾಗಿ ನೇತಾಡುತ್ತಿದ್ದವು. ನೆರಳು ಬಿದ್ದ ಕೂಡಲೇ ಬಳುಕುತ್ತಾ ತಳಕ್ಕೆ ಇಳಿದವು. ಮೂರರಲ್ಲಿ ಒಂದು ನಮ್ಮದು.

ನಮ್ಮ ಕೂಲರಿನ ಮರಿಗಳಲ್ಲಿ ಐದನ್ನು ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಇಟ್ಟೆ. ಒಂದು ವಾರದಲ್ಲಿ ರೆಕ್ಕೆ ಬಂತು. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟಿ, ಬೆನ್ನ ಮೇಲೆ ಎರಡು ಕಡೆ ಬಾಗಿದ ಬಿಳಿ ಗೆರೆ, ತಂತಿವಾದ್ಯದ ಚೌಕಟ್ಟಿನ ಹಾಗೆ. ನಡುವೆ ಒಂದೇ ನೇರ ಗೆರೆ ಇದ್ದಿದ್ದರೆ ಅದರ ದಾಯಾದಿ ಈಡಿಸ್ ಆಲ್ಬೊಪಿಕ್ಟಸ್. ಇದು ಈಡಿಸ್ ಈಜಿಪ್ಟೈ. ಯಾವ ಸ್ಲೈಡೂ ಬೇಕಾಗಲಿಲ್ಲ, ವರ್ಣತಂತುವೂ ಬೇಕಾಗಲಿಲ್ಲ. ಕಚ್ಚದ ಹುಳದ ಮನೆ ನಂಬರಿಗೆ ಹದಿನೈದು ದಿನ ಅಲೆದಿದ್ದೆ. ಕಚ್ಚುವುದರ ಮನೆ ನಂಬರು ಬರಿಗಣ್ಣಿಗೆ ಕಾಣುವ ಹಾಗೆ ಅದರ ಬೆನ್ನ ಮೇಲೆಯೇ ಇತ್ತು.

ಆಗ ರೊನಾಲ್ಡ್ ರಾಸ್ ನೆನಪಾದ. 1883ರಲ್ಲಿ ಸೇನೆಯ ವೈದ್ಯನಾಗಿ ನಮ್ಮ ಬೆಂಗಳೂರಿನಲ್ಲಿ ಇದ್ದಾಗ, ತನ್ನ ಬಂಗಲೆಯ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಇದ್ದದ್ದನ್ನು ಅವನು ಕಂಡಿದ್ದ. ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಅಂದೇ ಗೊತ್ತಾಗಿತ್ತು. ಮುಂದೆ ಮಲೇರಿಯಾದ ಬೆನ್ನು ಹತ್ತಿದಾಗ ಎರಡು ವರ್ಷ ಬೇರೆ ಜಾತಿಯ ಸೊಳ್ಳೆಗಳನ್ನೇ ಕೊಯ್ದು ಕೊಯ್ದು ನೋಡಿದ. ಏನೂ ಸಿಗಲಿಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೆಕ್ಕೆಯ ಮೇಲೆ ಚುಕ್ಕೆ ಇರುವ ಬೇರೊಂದು ಬಗೆಯ ಸೊಳ್ಳೆಯ ಹೊಟ್ಟೆಯಲ್ಲಿ ಅವನು ಹುಡುಕುತ್ತಿದ್ದದ್ದು ಸಿಕ್ಕಿತು. ಅದರ ಶಾಸ್ತ್ರೀಯ ಹೆಸರು ಅವನಿಗೆ ಗೊತ್ತಿರಲಿಲ್ಲ. ಅದು ಉಳಿದವುಗಳ ಹಾಗಲ್ಲ ಎಂಬುದು ಗೊತ್ತಿತ್ತು. ನನ್ನ ಹತ್ತಿರ ಹೆಸರಿತ್ತು. ಉಳಿದವುಗಳನ್ನು ನೋಡಿರಲಿಲ್ಲ.

ಹುಡುಗನಿಗೆ ಸೊಳ್ಳೆ ಕಚ್ಚಿದ್ದು ನಮ್ಮ ಬಿಲ್ಡಿಂಗಿನಲ್ಲೋ ಶಾಲೆಯಲ್ಲೋ ಹೇಳಲಾಗದು. ಐದನೇ ದಿನ ಮನೆಗೆ ಬಂದ, ಸೊರಗಿದ್ದ, ಆದರೆ ಬಂದ. ಆ ಭಾನುವಾರ ಗುಂಪಿನಲ್ಲಿ ಎರಡನೇ ಮೆಸೇಜು ಬರೆದೆ. ಮೊದಲ ಸಾಲಿನಲ್ಲೇ ನಮ್ಮ ಕೂಲರಿನಲ್ಲಿ ಡೆಂಗಿ ಸೊಳ್ಳೆಯ ಮರಿ ಸಿಕ್ಕಿದೆ ಅಂತ ಹಾಕಿದೆ. ಹೆಬ್ಬೆರಳುಗಳು ಕಡಿಮೆ ಬಂದವು, ಜನ ಹೆಚ್ಚು ಬಂದರು. ಎಲ್ಲ ಕೂಲರುಗಳನ್ನೂ ಬಗ್ಗಿಸಿ ನೀರು ಚೆಲ್ಲಿ, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿದೆವು. ಉಜ್ಜುವುದು ಮುಖ್ಯ. ಈಡಿಸ್ ಮೊಟ್ಟೆಯನ್ನು ನೀರಿನ ಅಂಚಿಗೆ ಗೋಡೆಗೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಕಾದು, ಮತ್ತೆ ನೀರು ಬಂದಾಗ ಒಡೆಯುತ್ತದೆ. ಈಗ ಪ್ರತಿ ಭಾನುವಾರ ಒಂದೊಂದು ಮಹಡಿಯವರ ಸರದಿ.

ಕೆಂಪು ಹುಳದ ಫೋಟೊ ಅಂಟಿಸಿ ಮೋರಿಗೆ ಸೇರಿದ ಪೈಪಿನ ಬಗ್ಗೆ ಸಂಬಂಧಪಟ್ಟವರಿಗೆ ಅರ್ಜಿಯನ್ನೂ ಕೊಟ್ಟಿದ್ದೇವೆ. ಕಚ್ಚದ ಹುಳವನ್ನೂ ಪೂರ್ತಿ ಸಾಧು ಅನ್ನುವ ಹಾಗಿಲ್ಲ. ಸೂಡಾನಿನಲ್ಲಿ ನೈಲ್ ದಂಡೆಯ ಊರುಗಳಲ್ಲಿ ಇದೇ ಕುಟುಂಬದ ಹುಳಗಳಿಂದ ಅನೇಕರಿಗೆ ಆಸ್ತಮಾ ಬಂದದ್ದು ದಾಖಲಾಗಿದೆ. ಸತ್ತ ಹುಳದ ಪುಡಿಯಲ್ಲಿ ಉಳಿಯುವ ಅದೇ ಹಿಮೋಗ್ಲೋಬಿನ್ ಅಲರ್ಜಿಗೆ ಕಾರಣ. ಹಾಗಾಗಿ ಮೆಟ್ಟಿಲ ದೀಪವನ್ನು ಸಂಜೆ ಎರಡು ಗಂಟೆ ಆರಿಸುತ್ತೇವೆ, ಬೆಳಿಗ್ಗೆ ಸತ್ತ ಹುಳಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತೇವೆ.

ಮುಂಬೈ, ದಿಲ್ಲಿ, ಹೈದರಾಬಾದು, ನೀವು ಎಲ್ಲಿದ್ದರೂ ಗೋಡೆಯ ಮೇಲೆ ಹುಳ ಕಂಡರೆ ಹೊಡೆಯುವ ಮೊದಲು ಒಂದು ಲೋಟ ಕವಿಚಿ ನೋಡಿ. ಸೊಂಡಿಲಿಲ್ಲದೆ ಮುಂಗಾಲು ಎತ್ತಿ ಕೂತಿದ್ದರೆ ಕಚ್ಚುವುದಿಲ್ಲ. ಅಷ್ಟಕ್ಕೇ ಗುಂಪಿಗೆ ಬರೆಯಬೇಡಿ. ಮೊದಲು ಹೋಗಿ ಕೂಲರು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ನೋಡಿ ಬನ್ನಿ.

ಈಗ ನನ್ನ ಮೇಜಿನ ಮೇಲೆ ಎರಡು ಬೆಂಕಿಪೊಟ್ಟಣ ಇವೆ. ಒಂದರ ಚೀಟಿ: ಕೈರೊನೊಮಸ್ ಎಸ್‌ಪಿ, ಗಂಡು, ಮನೀಶ್ ನಗರ, ಮೆಟ್ಟಿಲ ಗೋಡೆ. ಇನ್ನೊಂದರ ಚೀಟಿ: ಈಡಿಸ್ ಈಜಿಪ್ಟೈ, ಹೆಣ್ಣು, ಮನೀಶ್ ನಗರ, ನಮ್ಮ ಮನೆಯ ಕೂಲರ್. ಕೆಳಗಿನ ಮನೆಯ ಹುಡುಗ ಫೋಲ್ಡ್‌ಸ್ಕೋಪಿನಲ್ಲಿ ನೋಡಲು ಆಗಾಗ ಬರುತ್ತಾನೆ. ಎರಡನೇ ಪೊಟ್ಟಣವನ್ನೇ ಮೊದಲು ಕೇಳುತ್ತಾನೆ.